ಅಪ್ಪಟ ಎರಡನೇ ನಮೂನೆ

ನನ್ನ ಅಣ್ಣನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಮನೆಗಳ ಮುಖವಾದರೆ ಒಮ್ಮೆ ಕಂಡದ್ದನ್ನು ಸಾಯುವವರೆಗೂ ಮರೆಯುವುದಿಲ್ಲ. ದಾರಿಯಲ್ಲಿ ಯಾರಾದರೂ ಸಿಕ್ಕಿ ಕೈ ಕುಲುಕಿದರೆ ಪಿಳಿಪಿಳಿ ಕಣ್ಣು ಬಿಡುತ್ತಾನೆ. "ನಾನು ಸಾರ್, ಪೋಸ್ಟಾಫೀಸು ಹಿಂದಿನ ಬೀದಿ, ಹಸಿರು ಗೇಟು" ಎಂದರೆ ಮುಖ ಮೊರದಗಲವಾಗುತ್ತದೆ. "ಓಹೋ, ಮೂರನೇ ನಮೂನೆ! ಜಗಲಿಗೆ ಗ್ರಿಲ್ ಹಾಕ್ಸಿ ಹಾಳು ಮಾಡಿದೀರಲ್ಲ, ಅವರೇ ತಾನೇ?" ಎನ್ನುತ್ತಾನೆ. ಅಲ್ಲಿಂದಾಚೆ ಆ ಮನುಷ್ಯ ಅಣ್ಣನನ್ನು ಕಂಡರೆ ರಸ್ತೆ ದಾಟಿಬಿಡುತ್ತಾನೆ.

ಒಡಹುಟ್ಟಿದ ತಂಗಿಯೇ ಹೀಗೆಲ್ಲ ಹೇಳುತ್ತಾಳಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸಿಟ್ಟಿನಿಂದ ಎಂದರೆ ಒಪ್ಪಿಕೊಳ್ಳುತ್ತೇನೆ.

ಅಣ್ಣ ಪುರಸಭೆಯಲ್ಲಿ ನಕಾಶೆ ಗುಮಾಸ್ತ. ಊರಿನ ಪ್ರತಿಯೊಂದು ಮನೆಗೂ ಅಲ್ಲಿ ಒಂದು ಹಾಳೆ ಇದೆ. ಉದ್ದ, ಅಗಲ, ಬಾಗಿಲೆಷ್ಟು, ಕಿಟಕಿಯೆಷ್ಟು ಎಂದೆಲ್ಲ ಬರೆದಾದ ಮೇಲೆ ಕೊನೆಯಲ್ಲಿ 'ಮನೆಯ ನಮೂನೆ' ಎಂಬ ಒಂದು ಅಂಕಣ. ಇವನಿಗಿಂತ ಮುಂಚೆ ಇದ್ದ ಗುಮಾಸ್ತರು ಅಲ್ಲಿ ಒಂದು ಅಡ್ಡಗೀಟು ಎಳೆದು ಊಟಕ್ಕೆ ಎದ್ದು ಹೋಗುತ್ತಿದ್ದರು. ಅಣ್ಣ ಆ ಅಂಕಣವನ್ನೇ ತನ್ನ ಬದುಕು ಮಾಡಿಕೊಂಡ.

ನಮೂನೆಗಳು ಆರು. ಒಂದನೆಯದಕ್ಕೆ ಮುಂದೆ ದಪ್ಪ ದಪ್ಪ ಕಂಬ, ತಲೆಯ ಮೇಲೆ ತ್ರಿಕೋನ. ಎರಡನೆಯದಕ್ಕೆ ತೆಳ್ಳನೆಯ ಜೋಡಿ ಕಂಬ, ಅದರ ಮೇಲೆ ಅರ್ಧಚಂದ್ರದಂಥ ಕಮಾನು, ಸೂರಿನ ಕೆಳಗೆ ಅಲೆ ಅಲೆಯಾಗಿ ಹರಿಯುವ ಗಾರೆಪಟ್ಟಿ. ಮೂರನೆಯದು ತಗ್ಗು ಮಾಡು, ಉದ್ದ ಜಗಲಿ. ನಾಲ್ಕನೆಯದರ ಮೂಲೆಗಳು ದುಂಡಗೆ, ಕಿಟಕಿಗಳೂ ದುಂಡಗೆ, ಗೋಡೆಯುದ್ದಕ್ಕೂ ಮೂರು ಗೆರೆ, ಒಟ್ಟಿನಲ್ಲಿ ದಾರಿ ತಪ್ಪಿ ಊರೊಳಗೆ ಬಂದ ಹಡಗು. ಐದನೆಯದು ಬರೀ ಪೆಟ್ಟಿಗೆ. ಆರನೆಯದು ಬೆರಕೆ. ಈ ಐದರಲ್ಲಿ ಯಾವುದಕ್ಕೂ ಸೇರದೆ, ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ಕದ್ದು ನಿಂತದ್ದೆಲ್ಲ ಬೆರಕೆ. ಆ ಮಾತು ಹೇಳುವಾಗ ಅಣ್ಣನ ಮೂಗು, ಯಾರೋ ಚಪ್ಪಲಿಗೆ ಮೆತ್ತಿದ್ದನ್ನು ಒಳಗೆ ತಂದಿದ್ದಾರೆ ಎನ್ನುವಂತೆ ಸೊಟ್ಟಗಾಗುತ್ತದೆ.

ಮನೆ ನೋಡುವುದಕ್ಕೆ ಅವನದೊಂದು ಕ್ರಮವಿದೆ. ಎದುರಿನ ಫುಟ್‌ಪಾತಿನ ಮೇಲೆ ನಿಲ್ಲಬೇಕು. ಕತ್ತನ್ನು ಎಡಕ್ಕೆ ವಾಲಿಸಬೇಕು. ಬಲಗಣ್ಣು ಅರ್ಧ ಮುಚ್ಚಬೇಕು. ಹತ್ತು ಎಣಿಸುವುದರೊಳಗೆ ನಮೂನೆ ಹೇಳಬೇಕು. ಮನೆಯೊಳಕ್ಕೆ ಮಾತ್ರ ಹೋಗಕೂಡದು. "ಒಳಗೆ ಹೋದ್ರೆ ಕಣ್ಣು ಕೆಡತ್ತೆ" ಎನ್ನುವುದು ಅವನ ಸಿದ್ಧಾಂತ. ಒಳಗೆ ಜನ ಇರುತ್ತಾರೆ, ಕಾಫಿ ಕೊಡುತ್ತಾರೆ, ಸೋರುವ ಮೂಲೆ ತೋರಿಸುತ್ತಾರೆ, ಇವನ ತೀರ್ಪು ಮೆತ್ತಗಾಗುತ್ತದೆ. ಹೀಗೆ ಇಪ್ಪತ್ತೆಂಟು ವರ್ಷ ವಾಲಿಸಿ ವಾಲಿಸಿ ಕತ್ತು ಈಗ ನೇರವಾಗುವುದನ್ನೇ ಬಿಟ್ಟಿದೆ. ಆಫೀಸಿನಲ್ಲಿ ಅವನಿಗೆ 'ಓರೆಗತ್ತು' ಎಂದೇ ಹೆಸರು. ಅವನಿಗೂ ಗೊತ್ತು. ಅದನ್ನವನು ಪದವಿಯಂತೆ ಹೊತ್ತು ತಿರುಗುತ್ತಾನೆ.

ಮನೆಯಿಂದ ಜನರನ್ನು ಅಳೆಯುವ ಚಟವೂ ಇದೆ. ಒಂದನೇ ನಮೂನೆಯವರಿಗೆ ಜಂಬ, ನಾಲ್ಕನೆಯವರಿಗೆ ಒಂದೆಡೆ ನಿಲ್ಲದ ಬುದ್ಧಿ, ಬೆರಕೆಯವರು ಮಾತಿಗೆ ತಪ್ಪುವವರು. ಮಗಳಿಗೆ ಬಂದ ಒಬ್ಬ ಒಳ್ಳೆಯ ಹುಡುಗನನ್ನು, ಆ ಮನೆಯ ಕಿಟಕಿಯ ಮೇಲೆ ಸುಳ್ಳು ಕಮಾನು ಅಂಟಿಸಿದ್ದಾರೆಂದು ಬೇಡವೆಂದ. ಹುಡುಗ ಏನು ಕೆಲಸ ಮಾಡುತ್ತಾನೆಂದು ಕೇಳಲೇ ಇಲ್ಲ. ಮಗಳು ಆಮೇಲೆ ಅವನನ್ನೇ ಮದುವೆಯಾದಳು, ಆ ಮಾತು ಬೇರೆ.

ಇಷ್ಟೆಲ್ಲ ಮಾಡುವ ಮಹಾಶಯ ತಾನು ಎಲ್ಲಿರುತ್ತಾನೆ ಎಂದರೆ ಬಸ್ ಡಿಪೋ ಪಕ್ಕದ ಬಾಡಿಗೆ ಮನೆಯಲ್ಲಿ, ಮೂರನೇ ಮಹಡಿಯಲ್ಲಿ. ಅಪ್ಪಟ ಪೆಟ್ಟಿಗೆ. ಸಂಜೆ ಗೇಟಿನ ಹತ್ತಿರ ಬಂದಕೂಡಲೇ ತಲೆ ತಗ್ಗಿಸುತ್ತಾನೆ, ಮೆಟ್ಟಿಲು ಹತ್ತಿ ಒಳಗೆ ಹೋಗುವವರೆಗೂ ಎತ್ತುವುದಿಲ್ಲ. ಅತ್ತಿಗೆ ಮಾತ್ರ, "ನಲ್ಲೀಲಿ ನೀರು ಬರತ್ತೆ, ಮಳೆ ಬಂದ್ರೆ ಸೋರಲ್ಲ. ಇದಕ್ಕಿಂತ ಇನ್ಯಾವ ನಮೂನೆ ಬೇಕಪ್ಪಾ ನಂಗೆ?" ಎನ್ನುತ್ತಾಳೆ. ಆ ಮನೆಯಲ್ಲಿ ತಲೆ ನೆಟ್ಟಗಿರುವುದು ಅವಳೊಬ್ಬಳದೇ.

ಇಂಥ ಅಣ್ಣನಿಗೆ ನಾನು ಗಾರೆ ಮೇಸ್ತ್ರಿಯನ್ನು ಮದುವೆಯಾಗುತ್ತೇನೆಂದು ಹೇಳಿದಾಗ ಹೇಗಾಗಿರಬೇಡ! ಅವನ ಪ್ರಕಾರ ಲೋಕದಲ್ಲಿ ಮನೆಗಳನ್ನು ಕೆಡಿಸುವವರು ಇಬ್ಬರೇ, ಒಬ್ಬ ಮನೆಯ ಮಾಲೀಕ, ಇನ್ನೊಬ್ಬ ಮೇಸ್ತ್ರಿ. "ಅವನ ಕೈಗೆ ಕರಣೆ ಕೊಟ್ಟಿದ್ದೇ ತಪ್ಪು, ಈಗ ನಿನ್ನನ್ನೂ ಕೊಡಬೇಕಾ?" ಎಂದ. ನಾನು ಯಾರು ಕೊಡುವುದಕ್ಕೂ ಕಾಯಲಿಲ್ಲ. ಅಣ್ಣ ಹನ್ನೊಂದು ವರ್ಷ ನನ್ನೊಡನೆ ಮಾತು ಬಿಟ್ಟ. ಮಾತು ಬಿಟ್ಟದ್ದಷ್ಟೇ ಅಲ್ಲ, ನಮ್ಮ ಬೀದಿಯನ್ನೇ ಬಿಟ್ಟ. ನಮ್ಮ ಬೀದಿಯ ಹಾಳೆಗಳನ್ನು ತುಂಬಲು ಇನ್ನೊಬ್ಬ ಗುಮಾಸ್ತನನ್ನು ಕಳಿಸುತ್ತಿದ್ದನಂತೆ.

ನಮ್ಮವರ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಅವರದು ಹೊಸ ಮನೆ ಕಟ್ಟುವ ಕೆಲಸವಲ್ಲ, ಹಳೆ ಮನೆಗಳ ರಿಪೇರಿ. ಕಂಬದ ತಲೆ ಉದುರಿದ್ದರೆ, ಕಮಾನು ಸೀಳಿದ್ದರೆ, ಗಾರೆಪಟ್ಟಿ ಅರ್ಧ ಬಿದ್ದುಹೋಗಿದ್ದರೆ ಅವರನ್ನು ಕರೆಯುತ್ತಿದ್ದರು. ಉಳಿದ ಅರ್ಧದ ಏರಿಳಿತವನ್ನು ಕಾಗದಕ್ಕೆ ಇಳಿಸಿ, ಅದರಂತೆ ತಗಡು ಕತ್ತರಿಸಿ, ಹಲಗೆಗೆ ಹೊಡೆದು ಅಚ್ಚು ಮಾಡುತ್ತಿದ್ದರು. ಹಸಿ ಗಾರೆಯ ಮೇಲೆ ಆ ಅಚ್ಚನ್ನು ಒಂದೇ ಸಮನೆ ಎಳೆದುಕೊಂಡು ಹೋದರೆ ಅದೇ ಅಲೆ, ಅದೇ ಗೆರೆ ಮೂಡಿಬರುತ್ತದೆ. ಆಮೇಲೆ ಕಾಫಿ ಗಸಿ, ಹೊಗೆಮಸಿ ಹಚ್ಚಿ ಹೊಸದನ್ನು ಹಳೆಯದರ ಬಣ್ಣಕ್ಕೆ ತರುವುದು. ತಾನು ಕೈ ಹಚ್ಚಿದ ಜಾಗ ಯಾವುದೆಂದು ಮನೆಯವರೇ ಹುಡುಕಿ ಸೋಲಬೇಕು, ಅದು ಅವರ ಹೆಮ್ಮೆ.

ಮದುವೆಯಾದ ಮೂರು ವರ್ಷಕ್ಕೆ ನಾವೊಂದು ಹಳೆಯ ಮನೆ ಕೊಂಡೆವು. ಮುಂದಿನ ಗೋಡೆ ಪೂರ್ತಿ ಕುಸಿದಿತ್ತು, ಅದಕ್ಕೇ ನಮ್ಮಂಥವರ ಕೈಗೆಟುಕಿತು. ನಮ್ಮವರು ರಜೆಯ ದಿನಗಳಲ್ಲೆಲ್ಲ ಕೂತು ಮುಂಭಾಗವನ್ನು ಕಟ್ಟಿದರು. ಅಟ್ಟದ ತುಂಬ ಇಪ್ಪತ್ತು ಮನೆಗಳ ಅಚ್ಚುಗಳಿದ್ದವಲ್ಲ, ಒಂದು ಮನೆಯ ಕಂಬ, ಇನ್ನೊಂದರ ಕಮಾನು, ಮತ್ತೊಂದರ ಗಾರೆಪಟ್ಟಿ. ಕಿಟಕಿಯ ಸುತ್ತಿನ ಅಂಚು ಯಾವುದೋ ಹಡಗು ಮನೆಯದು. ಬಾಗಿಲ ಮುಂದೆ ಮೂರು ಮೆಟ್ಟಿಲು, ಮೆಟ್ಟಿಲ ಎರಡು ಕಡೆ ಎರಡು ಕಂಬ. ಮುಗಿಯಲು ಒಂದು ವರ್ಷ ಹಿಡಿಯಿತು. ಕೊನೆಗೆ ಗಸಿ, ಮಸಿ ಹಚ್ಚಿ ಇಳಿದಾಗ ಮನೆ ನಮ್ಮಜ್ಜನಿಗಿಂತ ಮುದುಕನಾಗಿ ಕಾಣುತ್ತಿತ್ತು.

ಅಣ್ಣ ನಮ್ಮ ಬೀದಿಗೆ ಕಾಲಿಟ್ಟದ್ದು ಹತ್ತು ವರ್ಷದ ಹಿಂದೆ. ಅಮ್ಮ ಹಾಸಿಗೆ ಹಿಡಿದಿದ್ದಳು, ಮಗಳನ್ನು ನೋಡಬೇಕೆಂದು ಹಟ ಮಾಡಿದ್ದಳು. ಹೊರಗಿನಿಂದಲೇ ಕೂಗಿ ಹೇಳಿ ಹೋಗುವುದೆಂದು ಬಂದವನು ಅಭ್ಯಾಸಬಲದಿಂದ ಎದುರು ಫುಟ್‌ಪಾತಿನ ಮೇಲೆ ನಿಂತ. ಕತ್ತು ವಾಲಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಹನ್ನೊಂದು ವರ್ಷದ ಮೇಲೆ ಕಂಡ ತಂಗಿಯನ್ನು ಅವನು ನೋಡಲೇ ಇಲ್ಲ, ನನ್ನ ತಲೆಯ ಮೇಲಿನ ಕಮಾನನ್ನು ನೋಡುತ್ತಿದ್ದ.

"ಏನೇ ಇದು! ಇಂಥಾ ಮನೆ ಎಲ್ಲಿ ಸಿಕ್ತೇ ನಿಂಗೆ?" ಎಂದ. ಗಂಟಲು ಗದ್ಗದವಾಗಿತ್ತು. "ಅಪ್ಪಟ ಎರಡನೇ ನಮೂನೆ ಕಣೇ. ಒಂದಿಷ್ಟೂ ಕಲಬೆರಕೆ ಇಲ್ಲ. ನೂರು ವರ್ಷಕ್ಕೆ ಕಮ್ಮಿ ಇಲ್ಲ ಇದು!"

ಅಷ್ಟರಲ್ಲಿ ನಮ್ಮವರು ಗಾರೆ ಮೆತ್ತಿದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಏನೋ ಹೇಳಲು ಬಾಯಿ ತೆರೆದರು. ಅಣ್ಣನೇ ಮೊದಲು ಹೇಳಿದ, "ಮೇಸ್ತ್ರಿ, ನಿಮ್ಮ ಅದೃಷ್ಟ ದೊಡ್ಡದು. ದಯವಿಟ್ಟು ಇದಕ್ಕೆ ಮಾತ್ರ ಕೈ ಹಚ್ಚಬೇಡಿ. ನಿಮ್ಮ ಕರಣೆ ತಾಗಿದ್ರೆ ಕೆಟ್ಟುಹೋಗತ್ತೆ."

ನಮ್ಮವರು ತೆರೆದ ಬಾಯಿ ಮುಚ್ಚಿ, "ಇಲ್ಲ ಭಾವ, ಮುಟ್ಟಲ್ಲ" ಎಂದರು.

ಅವತ್ತು ಸಂಜೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ನಮ್ಮವರು ಮೆಟ್ಟಿಲ ಮೇಲೆ ಕೂತು ಕಂಬವನ್ನು ಸುಮಾರು ಹೊತ್ತು ಸವರುತ್ತಿದ್ದರು. ನಿಜ ಹೇಳಿಬಿಡೋಣ ಎಂದೆ. ಬೇಡ ಎಂದರು. ಅಣ್ಣ ಬಂದಿದ್ದಾನೆ, ಅಮ್ಮ ಇದ್ದಾಳೆ, ಹೇಗೋ ಮುರಿದದ್ದು ಕೂಡಿತಲ್ಲ ಎಂದು ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಅಣ್ಣ ವಾರ ವಾರ ಬರತೊಡಗಿದ. ಮೊದಲು ಅರ್ಧ ಗಂಟೆ ಎದುರು ಫುಟ್‌ಪಾತಿನಲ್ಲಿ, ಆಮೇಲೆ, ತೀರ್ಪು ಹೇಗೂ ಆಗಿದೆಯಲ್ಲ ಎಂದು ಒಳಗೆ ಬಂದು ಐದು ನಿಮಿಷ ನಮ್ಮ ಜೊತೆ ಕಾಫಿಗೆ. ನಮ್ಮವರನ್ನು ಒಂದು ದಿನವೂ ಸಂಬಂಧ ಹಿಡಿದು ಕರೆಯಲಿಲ್ಲ, 'ಮೇಸ್ತ್ರಿ' ಎಂದೇ ಕರೆದ.

ನಾಲ್ಕು ವರ್ಷದ ಹಿಂದೆ ಪುರಸಭೆಯವರಿಗೆ ಊರಿನ ಹಳೆಯ ಮನೆಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಒಂದು ಪಟ್ಟಿ ಮಾಡುವುದು, ಪಟ್ಟಿಗೆ ಸೇರಿದ ಮನೆಗೆ ನೀಲಿ ಫಲಕ ಹೊಡೆಯುವುದು, ಆಮೇಲೆ ಅದರ ಮುಂಭಾಗದಿಂದ ಒಂದು ಕಲ್ಲನ್ನೂ ಅಲುಗಿಸಕೂಡದು ಎಂದು ಠರಾವಾಯಿತು. ಗುರುತಿಸುವ ಕೆಲಸಕ್ಕೆ ಓರೆಗತ್ತಿಗಿಂತ ತಕ್ಕವರು ಯಾರು? ಅಣ್ಣನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹದಿನಾಲ್ಕನೇ ನಂಬರಿಗೆ ನಮ್ಮ ಮನೆಯನ್ನು ಸೇರಿಸಿದ. ನಮ್ಮನ್ನು ಕೇಳಲಿಲ್ಲ. ಉಡುಗೊರೆ ಕೊಡುವವರು ಕೇಳಿ ಕೊಡುತ್ತಾರೆಯೇ? ಅವನೇ ನಿಂತು ಫಲಕಕ್ಕೆ ಮೊಳೆ ಹೊಡೆಸಿದ.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ಹೋದ ವರ್ಷ ನಮ್ಮವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು, ಮಾತು ಸ್ವಲ್ಪ ತೊದಲಾಯಿತು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದೆವು. ಮೆಟ್ಟಿಲ ಹತ್ತಿರ ಬಂದು ನೋಡಿದರೆ ಕುರ್ಚಿ ಎರಡು ಕಂಬಗಳ ನಡುವೆ ಹೋಗುವುದಿಲ್ಲ. ಎರಡು ಅಂಗುಲ ಕಡಿಮೆ. ಹಿಂಬಾಗಿಲಿನ ಓಣಿಯಂತೂ ನಾನೇ ಅಡ್ಡಡ್ಡ ನಡೆಯಬೇಕಾದಷ್ಟು ಇಕ್ಕಟ್ಟು. ಕಡೆಗೆ ಕುರ್ಚಿಯನ್ನು ಮಡಚಿ, ನಾಲ್ಕು ಜನ ಸೇರಿ ಅವರನ್ನು ಬೀರು ಸಾಗಿಸುವಂತೆ ಓರೆ ಮಾಡಿ ಒಳಗೆ ಸಾಗಿಸಿದರು. ತಲೆ ಕಂಬಕ್ಕೆ ಬಡಿಯಿತು. ಹಾಸಿಗೆಯ ಮೇಲೆ ಇಳಿಸಿದ ಮೇಲೆ, "ಇನ್ನೊಂದ್ಸಲ ನನ್ನ ಹಾಗೆ ಎತ್ತಬೇಡಿ" ಎಂದಷ್ಟೇ ಹೇಳಿದರು.

ಮೂವತ್ತು ವರ್ಷ ಬೀದಿಯಲ್ಲೇ ಬದುಕಿದ ಮನುಷ್ಯ. ಬೆಳಿಗ್ಗೆ ಮೂಲೆ ಅಂಗಡಿಯ ಬೆಂಚಿನ ಮೇಲೆ ನಾಲ್ಕು ಜನ ಕೆಲಸಗಾರರ ಜೊತೆ ಕಾಫಿ ಕುಡಿಯದೆ ಅವರಿಗೆ ದಿನ ಶುರುವಾಗುತ್ತಿರಲಿಲ್ಲ. ಆ ಅಂಗಡಿ ನಮ್ಮ ಬಾಗಿಲಿಂದ ನೂರು ಹೆಜ್ಜೆ. ಐದು ತಿಂಗಳು ಅವರು ಅದನ್ನು ನೋಡಲಿಲ್ಲ. ಮೊದಮೊದಲು ಕಿಟಕಿಯಲ್ಲಿ ಕೂರುತ್ತಿದ್ದರು. ಆಮೇಲೆ ಅದೂ ಬೇಡವಾಗಿ ಗೋಡೆಗೆ ಮುಖ ಮಾಡಿ ಮಲಗಲು ಶುರುಮಾಡಿದರು. ಊಟ ಅರ್ಧಕ್ಕಿಳಿಯಿತು. ಡಾಕ್ಟರು ಬಂದು ನೋಡಿ ನನ್ನನ್ನು ಆಚೆ ಕರೆದು, "ದಿನಾ ಹೊರಗೆ ಕರ್ಕೊಂಡು ಹೋಗಿಮ್ಮಾ. ನಾಲ್ಕು ಜನರ ಮುಖ ನೋಡ್ಲಿ. ಹೀಗೇ ಬಿಟ್ರೆ ಮನುಷ್ಯ ಕರಗಿಹೋಗ್ತಾರೆ" ಎಂದರು.

ಒಂದು ಕಂಬ ತೆಗೆದು, ಮೆಟ್ಟಿಲ ಮೇಲೆ ಇಳಿಜಾರು ಹಾಕಿದರೆ ಸಾಕು, ಎರಡು ದಿನದ ಕೆಲಸ. ಪುರಸಭೆಗೆ ಅರ್ಜಿ ಬರೆದೆ. ಅರ್ಜಿ ನಾಲ್ಕು ಮೇಜು ಸುತ್ತಿ ಅಭಿಪ್ರಾಯಕ್ಕೆಂದು ಬಂದು ಬಿದ್ದದ್ದು ನನ್ನ ಒಡಹುಟ್ಟಿದವನ ಮೇಜಿಗೇ. ಅವನು ಅದರ ಮೇಲೆ ಮುದ್ದಾದ ಅಕ್ಷರದಲ್ಲಿ 'ಶಿಫಾರಸು ಮಾಡಲಾಗದು' ಎಂದು ಬರೆದ. ಬರೆದು, ಅದೇ ಸಂಜೆ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತ ಅದನ್ನು ತಾನೇ ಹೇಳಿದ.

"ಬೇಜಾರು ಮಾಡ್ಕೋಬೇಡ ಕಣೇ. ನಿನ್ನ ಮನೆ ಅಂತ ನಿಯಮ ಸಡಿಲ ಮಾಡಿದ್ರೆ ನಾಳೆ ಊರೇ ಬಂದು ನನ್ನ ಮೇಜಿನ ಮುಂದೆ ನಿಲ್ಲತ್ತೆ."

"ನಿಂತರೆ ನಿಲ್ಲಲಿ. ಇವರು ಹೊರಗೆ ಹೋಗೋದು ಹೇಗೆ?"

"ಸ್ವಲ್ಪ ಸಣ್ಣ ಕುರ್ಚಿ ಸಿಗಲ್ವಾ?"

"ಕುರ್ಚಿ ಸಿಗತ್ತೆ ಅಣ್ಣ. ಅದರಲ್ಲಿ ಕೂರೋಕೆ ಸಣ್ಣ ಮನುಷ್ಯ ಎಲ್ಲಿ ಸಿಗ್ತಾನೆ?"

ಅವನಿಗೆ ನಗು ಬರಲಿಲ್ಲ. "ಆ ಎರಡು ಕಂಬ ಜೋಡಿ ಕಣೇ. ಒಂದು ಹೋದ್ರೆ ಇನ್ನೊಂದು ವಿಧವೆ ಇದ್ದ ಹಾಗೆ" ಎಂದ. ಪಕ್ಕದ ಕೋಣೆಯಲ್ಲಿ ನಮ್ಮವರು ಕರಗುತ್ತಿದ್ದಾರೆ, ನಾನೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿದ್ದೇನೆಂದು ಅವನಿಗೆ ಹೊಳೆಯಲಿಲ್ಲ. ಲೋಟ ಕೆಳಗಿಟ್ಟು ಎದುರು ಫುಟ್‌ಪಾತಿಗೆ ಹೋಗಿ ಇನ್ನೊಂದು ಹತ್ತು ನಿಮಿಷ ನಿಂತು ನೋಡಿ ಮನೆಗೆ ಹೋದ.

ನನಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಬಂದು, "ನಾಳೆ ಅವನ ಆಫೀಸಿಗೇ ಹೋಗಿ ಎಲ್ಲಾ ಹೇಳಿಬಿಡ್ತೀನಿ. ಅಚ್ಚು ಅಟ್ಟದಲ್ಲೇ ಇದೆ. ನೂರು ವರ್ಷವಂತೆ, ಅಪ್ಪಟವಂತೆ!" ಎಂದೆ.

ಗೋಡೆಗೆ ಮುಖ ಮಾಡಿದ್ದವರು ಕಷ್ಟಪಟ್ಟು ಈ ಕಡೆ ತಿರುಗಿದರು. "ಬೇಡ."

"ಯಾಕೆ ಬೇಡ?"

ತೊದಲುವ ಮಾತನ್ನು ಒಂದೊಂದಾಗಿ ಕೂಡಿಸಿ ಹೇಳಿದರು, "ಮೂವತ್ತು ವರ್ಷ ನಾನು ಮಾಡಿದ ಕೆಲಸ ಯಾರಿಗೂ ಕಾಣಬಾರದು ಅಂತಾನೇ ಮಾಡ್ದೆ. ಯಾರೂ ನೋಡ್ಲಿಲ್ಲ. ಇದೊಂದನ್ನ ಒಬ್ಬ ವಾರ ವಾರ ಬಂದು ನಿಂತು ನೋಡ್ತಾನೆ. ನಾನು ಕಟ್ಟಿದ್ದು ಅಂತ ಗೊತ್ತಾದ್ರೆ ನಾಳೆಯಿಂದ ಅದು ಬರೀ ಸಿಮೆಂಟು."

"ಆಗ್ಲಿ! ಸಿಮೆಂಟಾದ್ರೆ ಒಡೀಬಹುದಲ್ಲ!" ಎಂದೆ. ಅವರು ಮತ್ತೆ ಗೋಡೆಗೆ ತಿರುಗಿಕೊಂಡರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಅಣ್ಣನ ಮೇಲಿನ ಕೋಪಕ್ಕೋ, ಇವರು ಆ ಮೆಚ್ಚುಗೆಗೆ ಬಾಯಿ ಬಿಟ್ಟುಕೊಂಡು ಕೂತದ್ದಕ್ಕೋ ಗೊತ್ತಾಗಲಿಲ್ಲ. ಹೇಳಬೇಡ ಎಂದವರ ಮಾತು ಮೀರಲು ಮನಸ್ಸಾಗಲಿಲ್ಲ. ಇನ್ನೂ ಒಂದು ತಿಂಗಳು ಕಳೆಯಿತು.

ಒಂದು ದಿನ ಮಧ್ಯಾಹ್ನ ಪಟ್ಟಿಯ ಮನೆಗಳನ್ನು ನೋಡಲು ಮೇಲಿನ ಕಚೇರಿಯ ಅಧಿಕಾರಿಯೊಬ್ಬರು ಬಂದರು. ಅವರ ಹಿಂದೆ ಕ್ಯಾಮೆರಾ ನೇತುಹಾಕಿಕೊಂಡ ಇಪ್ಪತ್ತು ಜನ. ಅವತ್ತು ನಾನು ಹೇಗೋ ಒತ್ತಾಯ ಮಾಡಿ ನಮ್ಮವರನ್ನು ಕುರ್ಚಿಗೆ ಕೂರಿಸಿ ಕಿಟಕಿಯ ಹತ್ತಿರ ತಂದಿದ್ದೆ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎದುರು ಫುಟ್‌ಪಾತಿನಲ್ಲಿ ನಿಂತು ಭಾಷಣ ಶುರುಮಾಡಿದ. ಇಪ್ಪತ್ತೂ ಜನ ಅವನನ್ನು ನೋಡಿ ಕತ್ತು ವಾಲಿಸಿದರು. ಬೀದಿಯ ತುಂಬ ಕುತ್ತಿಗೆ ಉಳುಕಿದವರ ಮೆರವಣಿಗೆ ನಿಂತಂತಿತ್ತು.

"ಕಂಬ ನೋಡಿ. ಮೇಲೆ ಹೋದ ಹಾಗೆ ಕೂದಲೆಳೆಯಷ್ಟು ಸಣ್ಣ ಆಗತ್ತೆ. ನೆಟ್ಟಗೆ ಬಿಟ್ರೆ ಕಣ್ಣಿಗೆ ಹೊಟ್ಟೆ ಬಂದ ಹಾಗೆ ಕಾಣತ್ತೆ ಅಂತ ಕಟ್ಟಿದವನಿಗೆ ಗೊತ್ತಿತ್ತು. ಗಾರೆಪಟ್ಟಿ ಮೂಲೆ ತಿರುಗೋ ಜಾಗ ನೋಡಿ, ಅಲೆ ಎಲ್ಲೂ ಮುರಿದಿಲ್ಲ. ಕಟ್ಟಿದವನು ಸತ್ತು ನೂರು ವರ್ಷ ಆಗಿರಬಹುದು. ಅವನ ಹೆಸರು ಯಾರಿಗೂ ಗೊತ್ತಿಲ್ಲ. ನಾನಂತೂ ಇಲ್ಲಿ ಬಂದಾಗೆಲ್ಲ ಮನಸ್ಸಲ್ಲೇ ಅವನಿಗೆ ಕೈ ಮುಗೀತೀನಿ."

ಕಿಟಕಿಯಲ್ಲಿ ನಮ್ಮವರು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಅವರ ಕಣ್ಣು ಅಷ್ಟು ಹೊಳೆದದ್ದನ್ನು ನಾನು ಆರು ತಿಂಗಳಿಂದ ಕಂಡಿರಲಿಲ್ಲ. ಅಯ್ಯೋ, ಇನ್ನು ಇವರು ಸತ್ತರೂ ನಿಜ ಹೇಳುವುದಿಲ್ಲ ಎಂದುಕೊಂಡೆ.

ಆಗ ಕ್ಯಾಮೆರಾ ಹಿಡಿದಿದ್ದ ಒಬ್ಬಳು ಹೆಂಗಸು, "ಕಿಟಕೀಲಿ ಯಾರೋ ಕೂತಿದ್ದಾರಲ್ಲ?" ಎಂದಳು.

"ಮನೆಯವರು. ಹುಷಾರಿಲ್ಲ" ಎಂದ ಅಣ್ಣ. ಆಮೇಲೆ ನನ್ನ ಕಡೆ ಕೈ ಬೀಸಿ, "ಏ, ಆ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳ್ಕೊಳೇ. ಫೋಟೋದಲ್ಲಿ ಕಿಟಕಿ ಸರಿಯಾಗಿ ಬರ್ತಿಲ್ಲ, ಮೇಸ್ತ್ರಿ ಅಡ್ಡ ಬರ್ತಿದ್ದಾರೆ" ಎಂದ.

ನಾನು ಕುರ್ಚಿಗೆ ಕೈ ಹಚ್ಚಲಿಲ್ಲ. ನಮ್ಮವರು ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡು ಮುಂದಕ್ಕೆ ಬಾಗಿದರು. ಮುಖ ಕೆಂಪಗಾಗಿತ್ತು. ಲಕ್ವ ಹೊಡೆದ ಮೇಲೆ ಅಷ್ಟು ದೊಡ್ಡ ದನಿ ಅವರಿಂದ ಬಂದಿರಲಿಲ್ಲ.

"ಭಾವ! ನೂರು ವರ್ಷ ಆಗಿಲ್ಲ. ಹದಿನೇಳು. ಅವನು ಸತ್ತೂ ಇಲ್ಲ. ಅವನ ಕುರ್ಚೀನೇ ನೀವು ಹಿಂದಕ್ಕೆ ಎಳ್ಕೋ ಅಂತಿರೋದು."

ವಾಲಿದ್ದ ಇಪ್ಪತ್ತು ಕತ್ತುಗಳೂ ಕಿಟಕಿಯ ಕಡೆ ತಿರುಗಿದವು. ನಮ್ಮವರು ನನ್ನ ಕಡೆ ತಿರುಗಿ, "ಅಟ್ಟದಿಂದ ಅಚ್ಚು ತಾ" ಎಂದರು. ನನಗೆ ಎರಡು ಸಲ ಹೇಳಬೇಕಾಗಲಿಲ್ಲ. ಏಣಿ ಹತ್ತಿ, ನಮ್ಮ ಮನೆಗೆ ಬಳಸಿದ್ದರಲ್ಲಿ ಕೈಗೆ ಸಿಕ್ಕಿದ ಮೂರು ಅಚ್ಚು ಕಂಕುಳಲ್ಲಿ ಅವುಚಿಕೊಂಡು ಇಳಿದೆ. ಇಪ್ಪತ್ತು ಜನರ ಮುಂದೆ ಸ್ಟೂಲ್ ಹಾಕಿ ಹತ್ತಿ ತಗಡಿನ ಅಂಚನ್ನು ಗಾರೆಪಟ್ಟಿಗೆ ಹಿಡಿದೆ. ಉಗುರು ತೂರಿಸುವಷ್ಟೂ ಸಂದಿಲ್ಲದೆ ಕೂತಿತು. ಎರಡನೆಯದನ್ನು ಕಂಬದ ಬುಡಕ್ಕೆ ಹಿಡಿದೆ, ಕೂತಿತು. ಮೂರನೆಯದು ಕಿಟಕಿ ಅಂಚಿನದು. ಅದರ ಹಲಗೆಯ ಮೇಲೆ ನಮ್ಮವರ ಸೊಟ್ಟ ಅಕ್ಷರದಲ್ಲಿ 'ಡಾಕ್ಟರ ಮನೆ, ದುಂಡು ಕಿಟಕಿ' ಎಂದು ಬರೆದಿತ್ತು. ಅದನ್ನು ಜೋರಾಗಿ ಓದಿದೆ. ಬೇಕೆಂದೇ ಓದಿದೆ.

"ಅದು ನಾಲ್ಕನೇ ನಮೂನೆ ಮನೆ ಅಲ್ವಾ?" ಎಂದರು ಅಧಿಕಾರಿ. ಅಣ್ಣನಿಂದಲೇ ಅರ್ಧ ಗಂಟೆಯ ಹಿಂದೆ ಕಲಿತಿದ್ದರು, ಪಾಪ.

ಅಣ್ಣ ರಸ್ತೆ ದಾಟಿ ಬಂದು, ಮೊಟ್ಟಮೊದಲ ಸಲ ಕಂಬವನ್ನು ಹತ್ತಿರದಿಂದ ನೋಡಿದ. ಕಂಬದ ಬುಡವನ್ನು ಉಗುರಿನಿಂದ ಕೆರೆದ. ಮಸಿಯ ಕೆಳಗೆ ಬೂದು ಬಣ್ಣದ ಸಿಮೆಂಟು ಕಂಡಿತು. ಅವನು ನಮ್ಮವರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕರವಸ್ತ್ರದಿಂದ ಉಗುರು ಒರೆಸಿಕೊಂಡು, "ಮುಂದಿನ ಮನೆಗೆ ಹೋಗೋಣ ಸಾರ್" ಎಂದ.

ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ಪುರಸಭೆಯ ಜವಾನ ಬಂದು ನೀಲಿ ಫಲಕ ಕಿತ್ತುಕೊಂಡು ಹೋದ. ಪುರಸಭೆಯ ಕಾಗದ ಅಷ್ಟು ಬೇಗ ನಡೆದದ್ದನ್ನು ನಮ್ಮ ಬೀದಿ ಯಾವತ್ತೂ ಕಂಡಿರಲಿಲ್ಲ. ಜೊತೆಗೆ ಒಂದು ಆದೇಶ, ಅದೇ ಮುದ್ದಾದ ಅಕ್ಷರದಲ್ಲಿ. 'ಮರುಪರಿಶೀಲನೆಯಲ್ಲಿ ಸದರಿ ಮುಂಭಾಗವು ಇತ್ತೀಚಿನ ಸಿಮೆಂಟಿನದೆಂದು ಕಂಡುಬಂದಿದೆ. ನಮೂನೆ ಆರು, ಬೆರಕೆ. ಉಳಿಸಿಕೊಳ್ಳುವಂಥ ಗುಣವಿಲ್ಲ.' ಹತ್ತು ವರ್ಷ ಗಂಟಲು ಗದ್ಗದ ಮಾಡಿಕೊಂಡು ನೋಡಿದ ಕಂಬದಲ್ಲಿ ಒಂದು ಮಧ್ಯಾಹ್ನದಲ್ಲಿ ಗುಣ ಖಾಲಿಯಾಗಿತ್ತು. ಕಂಬ ಮಾತ್ರ ಬುಡದಲ್ಲಿ ನಿನ್ನೆ ಇದ್ದಷ್ಟೇ ದಪ್ಪ, ತುದಿಯಲ್ಲಿ ಅಷ್ಟೇ ಸಣ್ಣ.

ನಮ್ಮವರು ಆದೇಶವನ್ನು ಎರಡು ಸಲ ಓದಿಸಿಕೊಂಡರು. "ಹೇಳಲಿಲ್ವಾ ನಾನು?" ಎಂದರು. ಅವರ ಹಳೆಯ ಜೊತೆಗಾರ ಮೇಸ್ತ್ರಿಯೊಬ್ಬರಿಗೆ ಹೇಳಿ ಕಳಿಸಿದೆ.

ರಸ್ತೆಯ ಇಳಿಜಾರು ಬಲಗಡೆಗೆ ಇದ್ದದ್ದರಿಂದ ಬಲಗಡೆಯ ಕಂಬವನ್ನೇ ತೆಗೆಯಬೇಕಾಯಿತು. ನಮ್ಮವರು ಬಾಗಿಲೊಳಗೆ ಕುರ್ಚಿಯಲ್ಲಿ ಕೂತು ಎಲ್ಲಿಂದ ಶುರುಮಾಡಬೇಕು, ಎಲ್ಲಿ ಸುತ್ತಿಗೆ ತಾಗಿಸಬಾರದು ಎಂದು ಹೇಳುತ್ತಿದ್ದರು. ಜೊತೆಗಾರರು ಮೊದಲ ಏಟು ಹಾಕುವ ಮುಂಚೆ ಸುತ್ತಿಗೆ ಕೆಳಗಿಟ್ಟು, "ನಂಗೆ ಮನಸ್ಸು ಬರ್ತಿಲ್ಲ ಕಣಯ್ಯ" ಎಂದರು. "ಹೊಡಿ ಹೊಡಿ, ಕಾಫಿ ಕುಡಿದು ಆರು ತಿಂಗಳಾಯ್ತು" ಎಂದರು ನಮ್ಮವರು. ನಾನು ದಿನಕ್ಕೆ ಮೂರು ಸಲ ಕೊಟ್ಟ ಕಾಫಿ ಲೆಕ್ಕಕ್ಕೇ ಇಲ್ಲ.

ಇಳಿಜಾರು ಒಣಗಿದ ದಿನ ಬೆಳಿಗ್ಗೆ ಅವರನ್ನು ಹೊರಗೆ ತಂದೆ. ಮೂಲೆ ಅಂಗಡಿಗೆ ಹೋಗುವ ಮೊದಲು ರಸ್ತೆ ದಾಟಿಸು ಎಂದರು. ಎದುರು ಫುಟ್‌ಪಾತಿನ ಮೇಲೆ ಕುರ್ಚಿ ತಿರುಗಿಸಿ ನಿಲ್ಲಿಸಿ ಬ್ರೇಕ್ ಹಾಕಿದೆ. ಒಂಟಿ ಕಂಬ, ಅದರ ಮೇಲೆ ಅರ್ಧಕ್ಕೆ ನಿಂತ ಕಮಾನು, ಪಕ್ಕದಲ್ಲಿ ಹೊಸ ಸಿಮೆಂಟಿನ ಇಳಿಜಾರು. ಮುಂದಿನ ಹಲ್ಲು ಕಿತ್ತ ಹಾಗಿತ್ತು. ನಮ್ಮವರು ಅದನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ತಿರುವಿನಿಂದ ಅಣ್ಣ ಬಂದ. ಮೂರು ವಾರದಿಂದ ಮುಖ ತೋರಿಸಿರಲಿಲ್ಲ. ನಮ್ಮನ್ನು ಅಲ್ಲಿ, ತನ್ನ ಜಾಗದಲ್ಲಿ ನೋಡಿ ಹಿಂತಿರುಗಲು ಒಂದು ಹೆಜ್ಜೆ ಇಟ್ಟ. ಆದರೆ ಅಷ್ಟರಲ್ಲಿ ಅವನ ಕಣ್ಣಿಗೆ ಮನೆ ಬಿದ್ದಿತ್ತು. ನಿಧಾನವಾಗಿ ಬಂದು ಕುರ್ಚಿಯ ಪಕ್ಕ ನಿಂತ. ಕತ್ತು ವಾಲಿತು.

"ಬಲಗಡೇದು ತೆಗೆದ್ರಾ?" ಎಂದ.

"ಹೂಂ ಭಾವ."

"ಎರಡರಲ್ಲಿ ಅದೇ ಚೆನ್ನಾಗಿತ್ತು."

"ಹೌದು. ಎಡಗಡೇದು ಮಾಡಿ ಕೈ ಕುದುರಿದ ಮೇಲೆ ಮಾಡಿದ್ದು ಅದು."

ಅಣ್ಣ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತ, "ದಾರಿಗೆ ಜಾಗ ಬಿಟ್ಟು, ಒಂದು ಅಡಿ ಆ ಕಡೆಗೆ ಮತ್ತೆ ಹಾಗೇ ಒಂದು ಎಬ್ಬಿಸಬಹುದು. ಕಮಾನು ಸ್ವಲ್ಪ ಅಗಲ ಮಾಡಿದ್ರೆ ಸರಿಹೋಗತ್ತೆ. ಅಷ್ಟು ನಾಜೂಕಾಗಿ ಮಾಡೋರು ಯಾರಾದ್ರೂ ಗೊತ್ತಾ ಮೇಸ್ತ್ರಿ ನಿಮಗೆ?" ಎಂದ.

ನಮ್ಮವರು ಮಡಿಲಲ್ಲಿ ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಕುರ್ಚಿಯ ತೋಳಿನ ಮೇಲೆ ಇಟ್ಟರು.

"ಒಬ್ಬ ಇದ್ದ, ಭಾವ" ಎಂದರು.

ಅಣ್ಣನ ಕತ್ತು ನೆಟ್ಟಗಾದದ್ದನ್ನು ನಾನು ಅವತ್ತೇ ನೋಡಿದ್ದು. ಏನು ಮಾಡಬೇಕೆಂದು ತೋಚದೆ ಕುರ್ಚಿಯ ಹಿಂದೆ ಬಂದು ಹಿಡಿಕೆ ಹಿಡಿದು, ಮೂಲೆ ಅಂಗಡಿಯ ಕಡೆಗೆ ತಳ್ಳತೊಡಗಿದ. ಕುರ್ಚಿ ಕದಲಲಿಲ್ಲ. ಎರಡು ಕೈಯಿಂದ ಜೋರಾಗಿ ತಳ್ಳಿದ, ಮುಖ ಕೆಂಪಾಯಿತು, ಕಣ್ಣಲ್ಲಿ ನೀರೂ ಬಂದಿತ್ತು. ಬ್ರೇಕ್ ಹಾಕಿದೆ ಎಂದು ನಾನು ಹೇಳಲಿಲ್ಲ.